ಮೌನವನ್ನು ಶಿಸ್ತೆಂದು ಕರೆಯದಿರೋಣ

'ಮಾತು ಬೆಳ್ಳಿ, ಮೌನ ಬಂಗಾರ' ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಪ್ರಾರ್ಥನೆಯ ವೇಳೆಗೆ, ಧ್ಯಾನಕ್ಕೆ, ಸಿಟ್ಟು ನೆತ್ತಿಗೇರಿದ ಗಳಿಗೆಗೆ ಈ ಗಾದೆ ಬಹಳ ಸೊಗಸಾಗಿ ಒಪ್ಪುತ್ತದೆ. ಆದರೆ ಇದೇ ಗಾದೆಯನ್ನು ನಮ್ಮ ಪ್ರೌಢಶಾಲೆಗಳ ಗೋಡೆಯ ಮೇಲೆ ಬರೆದು, ಹದಿಮೂರರಿಂದ ಹದಿನಾರರ ವಯಸ್ಸಿನ ಮಕ್ಕಳನ್ನು ಮೂರು ವರ್ಷಗಳ ಕಾಲ ಅದರ ಕೆಳಗೆ ಕೂರಿಸುವುದು ಒಪ್ಪುವ ಕಾರ್ಯವೇ? ಪ್ರಿಯ ಓದುಗರೇ, ಈ ತಿಂಗಳು ನಿಮ್ಮ ಮುಂದೆ ನಾನು ಇಡಬಯಸುವ ಪ್ರಶ್ನೆ ಇದೊಂದೇ. ನಮ್ಮ ಶಾಲೆಗಳಲ್ಲಿ ಮಕ್ಕಳ ಅಭಿಪ್ರಾಯಕ್ಕೆ ಜಾಗವಿದೆಯೇ? ಇಲ್ಲವೆಂದಾದರೆ, ಆ ಶಾಲೆಗಳ ಹೆಬ್ಬಾಗಿಲ ಮೇಲೆ ನಾವು ನಿಲ್ಲಿಸಿರುವ ಶಿಲುಬೆಗೆ ಏನು ಅರ್ಥ?

ಒಂದು ಶಾಲಾದಿನವನ್ನು ಮನಸ್ಸಿನಲ್ಲೇ ಸುತ್ತಿ ಬನ್ನಿ. ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ. ಪ್ರಾರ್ಥನೆ, ನಾಡಗೀತೆ, ದಿನದ ಚಿಂತನೆ, ಪ್ರಕಟಣೆಗಳು. ಶುಲ್ಕ ಕಟ್ಟದವರ ಹೆಸರನ್ನು ಎಲ್ಲರೆದುರು ಓದುವ ಶಾಲೆಗಳು ಇನ್ನೂ ಇವೆ. ತರಗತಿಗೆ ಬಂದೊಡನೆ ಮುಂದಾಳು ವಿದ್ಯಾರ್ಥಿಗೆ ವಹಿಸಲಾಗುವ ಮೊದಲ ಹೊಣೆ, ಮಾತನಾಡುವವರ ಹೆಸರನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆಯುವುದು. ಚಿಕ್ಕ ತರಗತಿಗಳಲ್ಲಿ ತುಟಿಯ ಮೇಲೆ ಬೆರಳಿಡಲು ಕಲಿತವರಿಗೆ ಪ್ರೌಢಶಾಲೆಯಲ್ಲಿ ಆ ಬೆರಳು ಬೇಕಾಗುವುದಿಲ್ಲ. ಅದು ಆಗಲೇ ಒಳಗೆ ಇಳಿದುಬಿಟ್ಟಿರುತ್ತದೆ. ಪಾಠದ ನಡುವೆ ಶಿಕ್ಷಕರು ಕೇಳುವ ಪ್ರಶ್ನೆಗಳಿಗೆ ಉತ್ತರ ಪಠ್ಯಪುಸ್ತಕದಲ್ಲಿ ಮೊದಲೇ ಇದೆ. 'ಅರ್ಥವಾಯಿತೇ?' ಎಂದರೆ 'ಆಯಿತು' ಎಂಬ ಒಕ್ಕೊರಲು. ಆಟದ ಪಿರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವಾಗ ಮಕ್ಕಳನ್ನು ಯಾರೂ ಕೇಳುವುದಿಲ್ಲ. ಸಂಜೆಯ ವಿಶೇಷ ತರಗತಿಗೆ ಅವರ ಒಪ್ಪಿಗೆ ಬೇಡ. ಹೀಗೆ ಬೆಳಿಗ್ಗೆ ಬಂದ ಮಗು ಸಂಜೆ ಮನೆಗೆ ಮರಳುವಾಗ, ಆ ದಿನವೆಲ್ಲ 'ಈ ವಿಷಯದಲ್ಲಿ ನಿನಗೇನನ್ನಿಸುತ್ತದೆ?' ಎಂಬ ಒಂದು ಪ್ರಶ್ನೆಯನ್ನೂ ಕೇಳಿಸಿಕೊಂಡಿರುವುದಿಲ್ಲ.

ಇಂಥ ಶಾಲೆಯನ್ನು ಕಂಡವರು ಮೆಚ್ಚುತ್ತಾರೆ. 'ಸೂಜಿ ಬಿದ್ದರೂ ಕೇಳಿಸುವಂಥ ಶಿಸ್ತು' ಎನ್ನುತ್ತಾರೆ. ಪ್ರವೇಶಕ್ಕಾಗಿ ನಮ್ಮ ಬಾಗಿಲಲ್ಲಿ ನಿಲ್ಲುವ ಪೋಷಕರು, ಅವರು ಯಾವ ಧರ್ಮದವರೇ ಆಗಿರಲಿ, 'ಫಾದರ್, ನಿಮ್ಮಲ್ಲಿ ಡಿಸಿಪ್ಲಿನ್ ಚೆನ್ನಾಗಿದೆ' ಎನ್ನುವುದನ್ನು ಕೇಳಿ ನಾವು ಹಿಗ್ಗುತ್ತೇವೆ. ಸೂಜಿ ಬಿದ್ದ ಸದ್ದು ಕೇಳಿಸುವುದು ಸಂತೋಷವೇ. ಆದರೆ ಮಗುವಿನೊಳಗೆ ಏನಾದರೂ ಮುರಿದು ಬಿದ್ದರೆ ಆ ಸದ್ದು ನಮಗೆ ಕೇಳಿಸುತ್ತದೆಯೇ?

ಮಂತ್ರಿಗಳಿರುವ, ಅಧಿಕಾರವಿಲ್ಲದ ಸಂಸತ್ತು

'ನಮ್ಮಲ್ಲಿ ಶಾಲಾ ಸಂಸತ್ತು ಇದೆಯಲ್ಲ' ಎಂದು ಮುಖ್ಯೋಪಾಧ್ಯಾಯರು ಹೇಳಬಹುದು. ನಿಜ. ಶಾಲೆ ಆರಂಭವಾದ ಕೆಲವು ವಾರಗಳಲ್ಲೇ ಚುನಾವಣೆ ನಡೆಯುತ್ತದೆ. ಮತಪತ್ರ, ಮತಪೆಟ್ಟಿಗೆ, ಬೆರಳಿಗೆ ಶಾಯಿ, ಎಲ್ಲವೂ ಅಚ್ಚುಕಟ್ಟು. ಮುಖ್ಯಮಂತ್ರಿ, ಶಿಕ್ಷಣಮಂತ್ರಿ, ಕ್ರೀಡಾಮಂತ್ರಿ, ಆರೋಗ್ಯಮಂತ್ರಿಗಳು ಗಣ್ಯರ ಎದುರು ಪ್ರಮಾಣವಚನ ಸ್ವೀಕರಿಸುತ್ತಾರೆ. ಅಲ್ಲಿಂದ ಮುಂದೆ ಮುಖ್ಯಮಂತ್ರಿಯ ಕೆಲಸ, ವಾರ್ಷಿಕೋತ್ಸವದಂದು ಅತಿಥಿಗಳಿಗೆ ಹೂಗುಚ್ಛ ನೀಡುವುದು. ಕ್ರೀಡಾಮಂತ್ರಿಗೆ ಆಟದ ಪಿರಿಯಡ್ಡನ್ನು ಉಳಿಸಿಕೊಳ್ಳುವ ಶಕ್ತಿಯಿಲ್ಲ. ಆರೋಗ್ಯಮಂತ್ರಿಗೆ ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಹೇಳುವ ವೇದಿಕೆಯಿಲ್ಲ. ಕಚೇರಿಯ ಹೊರಗೆ ಸಲಹಾ ಪೆಟ್ಟಿಗೆಯೊಂದು ತೂಗುತ್ತಿರುತ್ತದೆ. ಅದರ ಬೀಗದ ಕೈ ಎಲ್ಲಿದೆಯೆಂದು ಕೇಳಿದರೆ ಕಚೇರಿಯ ಸಿಬ್ಬಂದಿ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ.

ಇದು ಪ್ರಜಾಪ್ರಭುತ್ವದ ಪಾಠವೆಂದು ನಾವು ಭಾವಿಸಿದ್ದರೆ, ಮಕ್ಕಳು ಅದರಿಂದ ಕಲಿಯುವ ಪಾಠ ಬೇರೆಯೇ ಆಗಿದೆ. ಚುನಾವಣೆ ನಡೆಯುತ್ತದೆ, ಪ್ರಮಾಣವಚನ ನಡೆಯುತ್ತದೆ, ಆದರೆ ಏನೂ ಬದಲಾಗುವುದಿಲ್ಲ ಎಂಬುದೇ ಆ ಪಾಠ. ಹದಿನೈದರ ಹರೆಯದಲ್ಲಿ ಇದನ್ನು ಕಲಿತವರು ಇಪ್ಪತ್ತೈದರಲ್ಲಿ ಊರಿನ ಗ್ರಾಮಸಭೆಗೂ ಬರುವುದಿಲ್ಲ, ಧರ್ಮಕೇಂದ್ರದ ಸಭೆಗೂ ಬರುವುದಿಲ್ಲ. ಆಗ ನಾವು 'ಈಗಿನ ಯುವಜನರಿಗೆ ಆಸಕ್ತಿಯೇ ಇಲ್ಲ' ಎಂದು ಪ್ರಬೋಧನೆಯಲ್ಲಿ ಕೊರಗುತ್ತೇವೆ.

ಮಕ್ಕಳಿಗೆ ಅಭಿಪ್ರಾಯವೇ ಇಲ್ಲವೆಂದು ಭಾವಿಸಬೇಡಿ. ಶಿಕ್ಷಕರಿಲ್ಲದ ಜಾಗದಲ್ಲಿ, ಊಟದ ಬಿಡುವಿನ ಮರದ ನೆರಳಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಅವರು ಆಡುವ ಮಾತುಗಳಿಗೆ ಕಿವಿಗೊಡಿ. ಅಂಕಗಳನ್ನು ಹೆಚ್ಚಿನಿಂದ ಕಡಿಮೆಗೆ ಓದುತ್ತಾ ಬರುವಾಗ ಕೊನೆಯ ಹೆಸರಿನವನಿಗೆ ಹೇಗಾಗುತ್ತದೆಂದು ಅವರು ಬಲ್ಲರು. ಶೌಚಾಲಯ ಕೊಳಕಾಗಿರುವುದರಿಂದ ಸಂಜೆಯವರೆಗೆ ನೀರು ಕುಡಿಯದೆ ಇರುವ ಹುಡುಗಿಯರು ಅದನ್ನು ತಮ್ಮ ತಮ್ಮೊಳಗೆ ಹೇಳಿಕೊಳ್ಳುತ್ತಾರೆ. ಶಾಲೆಯ ಅಂಗಳದಲ್ಲಿ ಕನ್ನಡ ಮಾತನಾಡಿದ್ದಕ್ಕೆ ದಂಡ ತೆತ್ತ ಮಗು, 'ಮನೆಯಲ್ಲಿ ಅಮ್ಮ ಕಲಿಸಿದ ಮಾತು ಇಲ್ಲಿ ಏಕೆ ತಪ್ಪು?' ಎಂದು ಗೆಳತಿಯನ್ನು ಕೇಳುತ್ತದೆ. ಅದು ಎಂಥ ಪ್ರಶ್ನೆ! ವಿದ್ವತ್ಸಭೆಗಳಲ್ಲಿ ಚರ್ಚೆಯಾಗಬೇಕಾದ ಪ್ರಶ್ನೆ. ಆದರೆ ಅದನ್ನು ಕೇಳಬೇಕಾದವರ ಕಿವಿಗೆ ಅದು ಬೀಳುವುದಿಲ್ಲ, ಏಕೆಂದರೆ ಕೇಳುವ ಅಭ್ಯಾಸವನ್ನು ನಾವು ಬೆಳೆಸಿಕೊಂಡಿಲ್ಲ.

ಪ್ರಶ್ನಿಸಿದ ಬಾಲಕ, ವಿಧೇಯನಾದ ಬಾಲಕ

ಈಗ ಶುಭಸಂದೇಶದ ಕಡೆಗೆ ತಿರುಗೋಣ. ಯೇಸುಸ್ವಾಮಿಯ ಬಾಲ್ಯದ ಕುರಿತು ನಾಲ್ಕು ಶುಭಸಂದೇಶಗಳೂ ಬಹಳ ಮಿತವಾಗಿ ಮಾತನಾಡುತ್ತವೆ. ಶೈಶವದ ವೃತ್ತಾಂತಗಳನ್ನು ಬಿಟ್ಟರೆ, ಸುಮಾರು ಮೂವತ್ತು ವರ್ಷಗಳ ಆ ಗುಪ್ತ ಜೀವನದಿಂದ ಸಂತ ಲೂಕರು ನಮಗೆ ಉಳಿಸಿಕೊಟ್ಟಿರುವ ಘಟನೆ ಒಂದೇ. ಹನ್ನೆರಡರ ಹರೆಯದ ಯೇಸು, ಪಾಸ್ಕ ಹಬ್ಬಕ್ಕೆಂದು ಜೆರುಸಲೇಮಿಗೆ ಹೋದಾಗ, ಮಹಾದೇವಾಲಯದಲ್ಲಿ ಬೋಧಕರ ನಡುವೆ ಕುಳಿತಿದ್ದರು. ಅಲ್ಲಿ ಅವರು ಮಾಡುತ್ತಿದ್ದುದು ಎರಡು ಕೆಲಸ: ಆಲಿಸುವುದು ಮತ್ತು ಪ್ರಶ್ನಿಸುವುದು. ಆ ಬೋಧಕರನ್ನು ಸ್ವಲ್ಪ ಗಮನಿಸಿ. ಧರ್ಮಶಾಸ್ತ್ರದಲ್ಲಿ ನುರಿತ ಹಿರಿಯರು ಅವರು. ಹಳ್ಳಿಯಿಂದ ಬಂದ ಬಡಗಿಯ ಮಗನೊಬ್ಬ ತಮ್ಮ ನಡುವೆ ಕುಳಿತು ಪ್ರಶ್ನೆ ಕೇಳಿದಾಗ 'ದೊಡ್ಡವರ ನಡುವೆ ಬಾಯಿ ಹಾಕಬೇಡ' ಎನ್ನಲಿಲ್ಲ. ಬೆರಗಾದರು. ನಮ್ಮ ಶಾಲೆಗಳಲ್ಲಿ ಇಂದು ಎಷ್ಟು ಮಂದಿ ಬೋಧಕರು ಒಬ್ಬ ವಿದ್ಯಾರ್ಥಿಯ ಪ್ರಶ್ನೆಗೆ ಬೆರಗಾಗುತ್ತಾರೆ?

ಮೂರು ದಿನ ಹುಡುಕಿ ಬಳಲಿದ ಮಾತೆ ಮರಿಯಮ್ಮನವರ ನಡವಳಿಕೆಯನ್ನೂ ನೋಡಿ. ಅವರಲ್ಲಿ ನೋವಿತ್ತು, ಆತಂಕವಿತ್ತು, ಅದನ್ನು ಅವರು ಬಚ್ಚಿಡಲಿಲ್ಲ. ಆದರೆ ಮಗನಿಗೆ ಅವರು ಹಾಕಿದ್ದು ಪ್ರಶ್ನೆ: ಏಕೆ ಹೀಗೆ ಮಾಡಿದೆ? ಅದು ಉತ್ತರಕ್ಕೆ ಎಡೆಯಿರುವ ಪ್ರಶ್ನೆ. ಮಗ ಉತ್ತರ ಕೊಟ್ಟರು, ಅದೂ ಮರುಪ್ರಶ್ನೆಯ ರೂಪದಲ್ಲಿ. ತಂದೆತಾಯಿಗೆ ಆ ಮಾತು ಅರ್ಥವಾಗಲಿಲ್ಲವೆಂದು ಸಂತ ಲೂಕರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅರ್ಥವಾಗದ ಮಾತಿಗೆ ಮರಿಯಮ್ಮನವರು ಏಟು ಕೊಡಲಿಲ್ಲ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡರು.

ಪ್ರಶ್ನೆ ಕೇಳಲು ಬಿಟ್ಟರೆ ಮಕ್ಕಳು ವಿಧೇಯತೆ ಮರೆಯುತ್ತಾರೆಂದು ಹೆದರುವವರು ಇದೇ ಅಧ್ಯಾಯವನ್ನು ಕೊನೆಯವರೆಗೆ ಓದಬೇಕು. ಯೇಸು ಅವರೊಡನೆ ನಜರೇತಿಗೆ ಹಿಂದಿರುಗಿ ಅವರಿಗೆ ವಿಧೇಯರಾಗಿ ನಡೆದುಕೊಂಡರೆಂಬುದು ಅಲ್ಲಿಯೇ ಇದೆ. ಪ್ರಶ್ನೆ ಮೊದಲು, ವಿಧೇಯತೆ ಆಮೇಲೆ. ಎರಡೂ ಒಂದೇ ಬಾಲಕನಲ್ಲಿ. ಕೇಳಿಸಿಕೊಂಡ ಮಗುವಿನ ವಿಧೇಯತೆ ಪ್ರೀತಿಯಿಂದ ಬರುತ್ತದೆ. ಬಾಯಿ ಮುಚ್ಚಿಸಿಕೊಂಡ ಮಗುವಿನ ವಿಧೇಯತೆ ಭಯದಿಂದ ಬರುತ್ತದೆ, ಭಯ ಹೋದ ದಿನವೇ ಅದೂ ಹೋಗುತ್ತದೆ. ಹತ್ತನೆಯ ತರಗತಿಯ ಪರೀಕ್ಷೆ ಮುಗಿದೊಡನೆ ಪೂಜೆಗೆ ಬರುವುದನ್ನು ನಿಲ್ಲಿಸುವ ಮಕ್ಕಳ ಬಗ್ಗೆ ಅಚ್ಚರಿಪಡುವ ನಾವು, ಅವರ ಹಿಂದಿನ ವಿಧೇಯತೆ ಯಾವ ಜಾತಿಯದಾಗಿತ್ತೆಂದು ಕೇಳಿಕೊಂಡಿದ್ದೇವೆಯೇ?

ಇದು ನಮ್ಮ ಪರಂಪರೆಗೆ ಹೊಸ ಮಾತೂ ಅಲ್ಲ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ನಿಯಮಾವಳಿ ಬರೆದಾಗ, ಮುಖ್ಯ ವಿಷಯಗಳನ್ನು ತೀರ್ಮಾನಿಸುವ ಮುನ್ನ ಎಲ್ಲ ಸಹೋದರರನ್ನೂ ಕರೆದು ಕೇಳಬೇಕೆಂದು ಮಠಾಧಿಪತಿಗೆ ಆಜ್ಞಾಪಿಸಿದರು. ಒಳ್ಳೆಯ ದಾರಿಯನ್ನು ದೇವರು ಅನೇಕ ವೇಳೆ ಕಿರಿಯರಿಗೇ ತಿಳಿಸುವರೆಂಬುದು ಅದಕ್ಕೆ ಅವರು ಕೊಟ್ಟ ಕಾರಣ. ಶಿಸ್ತಿಗೆ ಹೆಸರಾದ ಬೆನೆಡಿಕ್ಟರ ಮಠಗಳೇ ಕಿರಿಯರನ್ನು ಕೇಳಬಹುದಾದರೆ, ನಮ್ಮ ಶಾಲೆಗಳು ಕೇಳಬಾರದೇ? 1965ರ ಅಕ್ಟೋಬರ್‌ನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಕ್ರೈಸ್ತ ಶಿಕ್ಷಣದ ಕುರಿತ ತನ್ನ ಘೋಷಣೆಯಲ್ಲಿ, ಕಥೋಲಿಕ ಶಾಲೆಯ ವಾತಾವರಣ ಸ್ವಾತಂತ್ರ್ಯ ಮತ್ತು ಪ್ರೀತಿಯ ಶುಭಸಂದೇಶೀಯ ಚೈತನ್ಯದಿಂದ ತುಂಬಿರಬೇಕೆಂದು ಸಾರಿತು. ಪ್ರೀತಿಯ ಪದವನ್ನು ನಾವು ಶಾಲಾಗೀತೆಗಳಲ್ಲಿ ಹಾಡಿದ್ದೇವೆ. ಸ್ವಾತಂತ್ರ್ಯದ ಪದವನ್ನು ಆಗಸ್ಟ್ ಹದಿನೈದಕ್ಕೆ ಮೀಸಲಿಟ್ಟಿದ್ದೇವೆ.

ಎಂಟು ಮಂದಿ ಹುಡುಗರ ಪತ್ರ

ಮಕ್ಕಳಿಗೆ ಮಾತು ಕೊಟ್ಟರೆ ಏನಾಗಬಲ್ಲದೆಂಬುದಕ್ಕೆ ನಮ್ಮದೇ ಸಭೆಯ ಗುರುವೊಬ್ಬರ ಉದಾಹರಣೆ ಇದೆ. ಇಟಲಿಯ ಲೊರೆಂಜೊ ಮಿಲಾನಿ ಎಂಬ ಧರ್ಮಗುರುವನ್ನು 1954ರ ಡಿಸೆಂಬರ್‌ನಲ್ಲಿ ಟಸ್ಕನಿ ಪ್ರಾಂತ್ಯದ ಗುಡ್ಡಗಾಡಿನ ಬಾರ್ಬಿಯಾನ ಎಂಬ ಪುಟ್ಟ ಧರ್ಮಕೇಂದ್ರಕ್ಕೆ ಕಳುಹಿಸಲಾಯಿತು. ಚದುರಿದ ಕೆಲವೇ ಮನೆಗಳು, ಬಡ ರೈತರ ಕುಟುಂಬಗಳು. ಅಲ್ಲಿನ ಮಕ್ಕಳಲ್ಲಿ ಅನೇಕರು ಸರ್ಕಾರಿ ಶಾಲೆಗಳಲ್ಲಿ ನಪಾಸಾಗಿ ದನ ಕಾಯಲು ಹಿಂದಿರುಗಿದವರು. ಮಿಲಾನಿಯವರು ಗುರುನಿವಾಸದಲ್ಲೇ ಶಾಲೆ ತೆರೆದರು. ದಿನಪತ್ರಿಕೆಯನ್ನು ಒಟ್ಟಾಗಿ ಓದಿಸಿದರು, ಬಂದ ಅತಿಥಿಗಳನ್ನು ಪ್ರಶ್ನಿಸಲು ಕಲಿಸಿದರು, ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಪಾಠ ಹೇಳಿಸಿದರು. ಬಡವನನ್ನು ಬಡವನಾಗಿಯೇ ಉಳಿಸುವುದರಲ್ಲಿ ಮಾತಿನ ಬಡತನಕ್ಕೆ ದೊಡ್ಡ ಪಾತ್ರವಿದೆಯೆಂಬುದು ಅವರ ದೃಢ ನಂಬಿಕೆಯಾಗಿತ್ತು.

1967ರಲ್ಲಿ ಆ ಶಾಲೆಯ ಎಂಟು ಮಂದಿ ಹುಡುಗರು ಸೇರಿ ಬರೆದ ಪುಸ್ತಕವೊಂದು ಪ್ರಕಟವಾಯಿತು. ಅದರ ಹೆಸರಿನ ಅರ್ಥ 'ಶಿಕ್ಷಕಿಗೊಂದು ಪತ್ರ'. ತಮ್ಮನ್ನು ನಪಾಸು ಮಾಡಿದ ವ್ಯವಸ್ಥೆಯನ್ನು ಅವರು ಅಂಕಿಅಂಶಗಳ ಸಮೇತ ವಿಚಾರಣೆಗೆ ಗುರಿಪಡಿಸಿದ್ದರು. ಯಾರ ಮಕ್ಕಳು ಶಾಲೆಯಿಂದ ಉದುರುತ್ತಾರೆ, ಯಾರ ಮಕ್ಕಳು ಉಳಿಯುತ್ತಾರೆ ಎಂಬ ಲೆಕ್ಕವನ್ನು ಅಧಿಕಾರಿಗಳ ಮುಂದಿಟ್ಟರು. ದಡ್ಡರೆಂದು ಮನೆಗೆ ಅಟ್ಟಲ್ಪಟ್ಟಿದ್ದ ಮಕ್ಕಳು ಬರೆದ ಆ ಪುಸ್ತಕ ಅನೇಕ ಭಾಷೆಗಳಿಗೆ ಅನುವಾದವಾಗಿ ಲೋಕದ ಶಿಕ್ಷಣತಜ್ಞರ ಮೇಜಿಗೆ ಬಂತು. ಅದೇ ವರ್ಷದ ಜೂನ್ ತಿಂಗಳಲ್ಲಿ ಮಿಲಾನಿಯವರು ತಮ್ಮ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಬದುಕಿದ್ದಾಗ ಅವರನ್ನು ಸಭೆಯ ಅನೇಕ ಹಿರಿಯರು ಅನುಮಾನದಿಂದಲೇ ಕಂಡರು. 2017ರ ಜೂನ್ 20ರಂದು ಪೋಪ್ ಜಗದ್ಗುರು ಫ್ರಾನ್ಸಿಸರು ಬಾರ್ಬಿಯಾನಕ್ಕೆ ಹೋಗಿ ಅವರ ಸಮಾಧಿಯ ಬಳಿ ಪ್ರಾರ್ಥಿಸಿದರು. ಮಕ್ಕಳ ಮಾತಿಗೆ ಬೆಲೆ ಕೊಟ್ಟ ಗುರುವಿಗೆ ಬೆಲೆ ಕೊಡಲು ನಮಗೆ ಐವತ್ತು ವರ್ಷ ಬೇಕಾಯಿತು.

ನಮ್ಮ ದೇಶದಲ್ಲೂ ಇಂಥ ಪ್ರಶ್ನೆ ಎದ್ದುದುಂಟು. 1985ರ ಜುಲೈ ತಿಂಗಳಲ್ಲಿ ಕೇರಳದ ಶಾಲೆಯೊಂದರಿಂದ ಬಿಜೋ, ಬಿನು ಮೋಳ್ ಮತ್ತು ಬಿಂದು ಎಂಬ ಮೂವರು ಒಡಹುಟ್ಟಿದ ಮಕ್ಕಳನ್ನು ಹೊರಹಾಕಲಾಯಿತು. ಹತ್ತು, ಒಂಬತ್ತು ಮತ್ತು ಐದನೆಯ ತರಗತಿಯ ಮಕ್ಕಳವರು. ಅವರು 'ಯೆಹೋವನ ಸಾಕ್ಷಿಗಳು' ಪಂಥಕ್ಕೆ ಸೇರಿದವರು. ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು; ಆದರೆ ತಮ್ಮ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. ಅವರ ಸಿದ್ಧಾಂತ ನಮ್ಮದಲ್ಲ; ಆ ವಿಷಯದಲ್ಲಿ ನಾವು ಅವರೊಡನೆ ಒಪ್ಪುವುದೂ ಇಲ್ಲ. ಆದರೂ 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಆ ಮಕ್ಕಳ ಪರವಾಗಿ ತೀರ್ಪಿತ್ತು, ಅವರನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳುವಂತೆ ಆದೇಶಿಸಿತು. ಈ ದೇಶದ ಅತ್ಯುನ್ನತ ನ್ಯಾಯಾಲಯ ಶಾಲಾಮಕ್ಕಳಿಗೂ ಅಂತಃಸಾಕ್ಷಿಯುಂಟೆಂದು ಒಪ್ಪಿಕೊಂಡ ದಿನವದು. ಆ ಮಕ್ಕಳು ತಾವಾಗಿ ಆರಿಸಿಕೊಂಡ ಮೌನವೂ ಒಂದು ಅಭಿಪ್ರಾಯವಾಗಿತ್ತು. ನಾವು ಹೇರುವ ಮೌನದಲ್ಲಿ ಯಾವ ಅಭಿಪ್ರಾಯವೂ ಇಲ್ಲ.

ಕಾಯಿದೆಯ ಮಾತೂ ಇದೇ ದಿಕ್ಕಿನಲ್ಲಿದೆ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಹನ್ನೆರಡನೆಯ ವಿಧಿ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಮತ್ತು ವಯಸ್ಸು, ಪ್ರೌಢತೆಗೆ ತಕ್ಕಂತೆ ಅದಕ್ಕೆ ಬೆಲೆ ಪಡೆಯುವ ಹಕ್ಕು ಮಗುವಿಗಿದೆಯೆನ್ನುತ್ತದೆ. ಪವಿತ್ರ ಪೀಠ ಇದಕ್ಕೆ 1990ರಲ್ಲೇ ಸೇರಿತು. ಭಾರತ ಸೇರಿದ್ದು 1992ರಲ್ಲಿ. 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆಯನ್ನು ನಿಷೇಧಿಸಿ, ಮಗು ಭಯವಿಲ್ಲದೆ ತನ್ನ ಅನಿಸಿಕೆಗಳನ್ನು ಹೇಳಲು ಶಿಕ್ಷಣ ನೆರವಾಗಬೇಕೆಂದು ಸ್ಪಷ್ಟಪಡಿಸಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯಿದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಾಗ ನಮ್ಮಲ್ಲಿ ಅನೇಕರು ನಿಟ್ಟುಸಿರು ಬಿಟ್ಟರು. ಸಂಸ್ಥೆಗಳನ್ನು ನಡೆಸುವ ನಮ್ಮ ಹಕ್ಕು ಅಮೂಲ್ಯ, ಅದನ್ನು ಕಾಪಾಡಿಕೊಳ್ಳಲೇಬೇಕು. ಆದರೆ ನಮ್ಮ ಹಕ್ಕಿಗಾಗಿ ನ್ಯಾಯಾಲಯದವರೆಗೆ ಹೋಗಿ ದನಿಯೆತ್ತುವ ನಾವು, ನಮ್ಮ ಆಸರೆಯಲ್ಲಿರುವ ಮಗುವಿನ ದನಿಗೆ ಕಿವುಡಾದರೆ ಆ ಹಕ್ಕನ್ನು ಯಾವ ಮುಖದಿಂದ ಕೇಳುವುದು? ಕಾಯಿದೆ ನಮ್ಮನ್ನು ಬಿಟ್ಟರೂ ಶುಭಸಂದೇಶ ನಮ್ಮನ್ನು ಬಿಡುವುದಿಲ್ಲ.

ಎದುರುವಾದಗಳು

ನನ್ನ ಮಾತಿಗೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಅವುಗಳನ್ನು ಒಂದೊಂದಾಗಿ ಎದುರಿಸೋಣ.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂದು ಹಿರಿಯರು ಕೇಳುತ್ತಾರೆ. ಬಗ್ಗಿಸುವುದೇ ಶಿಕ್ಷಣದ ಗುರಿಯಾಗಿದ್ದರೆ ಈ ಗಾದೆಗೆ ನನ್ನ ತಕರಾರಿಲ್ಲ. ಆದರೆ ನಮಗೆ ಬೇಕಾದುದು ನೆಟ್ಟಗೆ ನಿಲ್ಲುವ ಮರ. ಗಿಡಕ್ಕೆ ಆಸರೆಯಾಗಿ ಕೋಲು ನೆಡುವುದು ಅದು ನೇರವಾಗಿ ಬೆಳೆಯಲೆಂದು. ಗಿಡಕ್ಕೆ ಕೋಲು ಊರುವುದೂ ಗಿಡದ ಮೇಲೆ ಕೋಲು ಬೀಸುವುದೂ ಒಂದೇ ಅಲ್ಲ.

'ನಾವೂ ಹೊಡೆತ ತಿಂದೇ ಬೆಳೆದೆವು, ಏನು ಕೆಟ್ಟುಹೋದೆವು?' ಎನ್ನುವವರಿದ್ದಾರೆ. ಈ ಮಾತನ್ನು ಆಡುವವರು ಯಾರು? ಶಾಲೆಯಲ್ಲಿ ಉಳಿದು, ಓದು ಮುಗಿಸಿ, ನೆಲೆ ಕಂಡುಕೊಂಡವರು. ಅವರ ಜೊತೆಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತಿದ್ದು, ಒಂದು ದಿನ ಬರುವುದನ್ನೇ ಬಿಟ್ಟ ಗೆಳೆಯರ ಸಾಕ್ಷ್ಯವನ್ನು ಯಾರು ಪಡೆದರು? ದಾಟಿದವರನ್ನು ಮಾತ್ರ ಕೇಳಿ ಹೊಳೆ ಆಳವಿಲ್ಲವೆಂದು ತೀರ್ಮಾನಿಸುವುದು ಜಾಣತನವಲ್ಲ.

'ಈಗಿನ ಮಕ್ಕಳಿಗೆ ಮಾತು ಕಡಿಮೆಯೇ? ಮೊಬೈಲಿನಲ್ಲಿ ಮಧ್ಯರಾತ್ರಿಯವರೆಗೂ ಹರಟುತ್ತಾರಲ್ಲ' ಎಂದು ತಾಯಂದಿರು ಹೇಳುತ್ತಾರೆ. ಈ ದೂರಿನಲ್ಲೇ ಉತ್ತರವೂ ಇದೆ. ಶಾಲೆಯಲ್ಲಿ ಮಾತನಾಡಕೂಡದು, ಮನೆಯಲ್ಲಿ ಅಪ್ಪನಿಗೆ ಬಿಡುವಿಲ್ಲ, ದೇವಾಲಯದಲ್ಲಿ ಸದ್ದು ಮಾಡುವಂತಿಲ್ಲ. ಉಳಿದುದು ಅಂಗೈಯಗಲದ ಗಾಜಿನ ಪರದೆ. ಅದರ ಆಚೆಬದಿ ಇರುವವರು ಗೆಳೆಯರೋ ವಂಚಕರೋ ಯಾರಿಗೆ ಗೊತ್ತು? ನಾವು ಕೇಳದ ಮಾತನ್ನು ಕೇಳಿಸಿಕೊಳ್ಳಲು ಅಲ್ಲಿ ಯಾರೋ ಸದಾ ಕಾದಿರುತ್ತಾರೆ.

'ಇದೆಲ್ಲ ಅಂಕಗಳಿಗೆ ಅಡ್ಡಿ' ಎನ್ನುವುದು ಮತ್ತೊಂದು ವಾದ. ಫಲಿತಾಂಶ ಬಂದ ವಾರ ಶಾಲೆಯ ಗೇಟಿಗೆ ಕಟ್ಟುವ ಫ್ಲೆಕ್ಸನ್ನು ನೀವು ನೋಡಿದ್ದೀರಿ. ಅದರಲ್ಲಿ ಹತ್ತು ಮುಖಗಳು. ಅವರ ಶ್ರಮಕ್ಕೆ ಅಭಿನಂದನೆ ಸಲ್ಲಲೇಬೇಕು. ಆದರೆ ಆ ಶಾಲೆಯಲ್ಲಿ ಹತ್ತನೆಯ ತರಗತಿಗೆ ನೂರು ಮಕ್ಕಳಿದ್ದರೆ, ಉಳಿದ ತೊಂಬತ್ತು ಮುಖಗಳು ಎಲ್ಲಿ? ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಿ ಹೋದ ಕುರಿಗಾಹಿಯ ಅನುಯಾಯಿಗಳು ನಾವು. ನಮ್ಮ ಗೇಟಿನ ಗಣಿತ ಮಾತ್ರ ತಲೆಕೆಳಗಾಗಿದೆ. ಅಲ್ಲದೆ 'ನನಗೆ ಅರ್ಥವಾಗಲಿಲ್ಲ' ಎಂದು ಧೈರ್ಯವಾಗಿ ಹೇಳಬಲ್ಲ ಮಗು, ಅರ್ಥವಾದಂತೆ ತಲೆಯಾಡಿಸುವ ಮಗುವಿಗಿಂತ ಚೆನ್ನಾಗಿ ಕಲಿಯುತ್ತದೆಯೆಂಬುದು ಪಾಠ ಮಾಡಿದ ಪ್ರತಿಯೊಬ್ಬರಿಗೂ ತಿಳಿದ ಸತ್ಯ.

ಶಿಕ್ಷಕರ ಮೇಲೆ ಎಲ್ಲ ಹೊರೆ ಹೊರಿಸುವುದೂ ನ್ಯಾಯವಲ್ಲ. ಒಂದು ಕೊಠಡಿಯಲ್ಲಿ ಐವತ್ತು, ಅರವತ್ತು ಮಕ್ಕಳು. ಮುಗಿಸಬೇಕಾದ ಪಾಠಗಳ ರಾಶಿ. ಮೇಲಿನಿಂದ ಫಲಿತಾಂಶದ ಒತ್ತಡ. ಅನೇಕರಿಗೆ ಅಲ್ಪ ಸಂಬಳ. ಆಡಳಿತ ಮಂಡಳಿಯ ಎದುರು ಬಾಯಿ ತೆರೆಯಲಾಗದ ಶಿಕ್ಷಕಿ ಮಕ್ಕಳ ಬಾಯಿ ಹೇಗೆ ತೆರೆಸಿಯಾಳು? ಮೌನ ನಮ್ಮ ಸಂಸ್ಥೆಗಳಲ್ಲಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ಆದ್ದರಿಂದ ಮಾತೂ ಮೇಲಿನಿಂದಲೇ ಆರಂಭವಾಗಬೇಕು. ಸಂಚಾಲಕರಾಗಿರುವ ಗುರುಗಳು, ಮುಖ್ಯೋಪಾಧ್ಯಾಯಿನಿಯರಾಗಿರುವ ಸಿಸ್ಟರುಗಳು ಈ ಮಾತನ್ನು ತಮಗೇ ಹೇಳಿದ್ದೆಂದು ತಿಳಿದುಕೊಳ್ಳಬೇಕೆಂದು ವಿನಂತಿಸುತ್ತೇನೆ.

ಸಮುವೇಲನಿಗೆ ಏಲಿ ಹೇಳಿದ ಮಾತು

ಇನ್ನು ಎಲ್ಲಕ್ಕಿಂತ ಕಠಿಣವಾದ ವಿಷಯ. ಇದನ್ನು ಹೇಳದೆ ಬಿಟ್ಟರೆ ಈ ಲೇಖನವೂ ಆ ಮೌನದ ಪಾಲುದಾರನಾಗುತ್ತದೆ.

ಹಿರಿಯರು ಹೇಳಿದ್ದೆಲ್ಲ ಸರಿ, ಹಿರಿಯರನ್ನು ಪ್ರಶ್ನಿಸುವುದು ಪಾಪ ಎಂದು ಹತ್ತು ವರ್ಷ ಕಲಿತ ಮಗುವಿನ ಮೈಮೇಲೆ ಒಬ್ಬ ಹಿರಿಯನೇ ಕೆಟ್ಟ ಕೈ ಇಟ್ಟರೆ, ಆ ಮಗು ಯಾರಿಗೆ ಹೇಳಬೇಕು? ಯಾವ ಮಾತಿನಲ್ಲಿ ಹೇಳಬೇಕು? ನಾವು ಕಲಿಸಿದ ಮೌನವೇ ಅಂಥವನಿಗೆ ಕೋಟೆಯಾಗುತ್ತದೆ. ಲೋಕದ ಅನೇಕ ದೇಶಗಳಲ್ಲಿ ನಮ್ಮ ಸಭೆಯ ಸಂಸ್ಥೆಗಳೊಳಗೆ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳು ಹೊರಬಂದಾಗ ಕಂಡುಬಂದುದು ಇದೇ: ಮಕ್ಕಳು ಹೇಳಲಿಲ್ಲ, ಹೇಳಿದವರನ್ನು ನಂಬಲಿಲ್ಲ, ನಂಬಿದವರು ಸಂಸ್ಥೆಯ ಮಾನಕ್ಕೆ ಹೆದರಿ ಮುಚ್ಚಿಟ್ಟರು. 2019ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸರು ಹೊರಡಿಸಿದ ಆದೇಶದಲ್ಲಿ, ಇಂಥ ಸಂಗತಿ ತಿಳಿದ ಧರ್ಮಗುರುಗಳು ಮತ್ತು ವ್ರತಧಾರಿಗಳು ಅದನ್ನು ಸಭೆಯ ಅಧಿಕಾರಿಗಳಿಗೆ ವರದಿ ಮಾಡಲೇಬೇಕೆಂದು ವಿಧಿಸಲಾಯಿತು. ನಮ್ಮ ದೇಶದ 2012ರ ಪೋಕ್ಸೋ ಕಾಯಿದೆಯ ಪ್ರಕಾರ, ಹದಿನೆಂಟು ತುಂಬದ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಸಂಸ್ಥೆಯ ಮುಖ್ಯಸ್ಥರಿಗೆ ಇದರಿಂದ ವಿನಾಯಿತಿ ಇಲ್ಲ. ಆದರೆ ವರದಿ ಮಾಡಬೇಕಾದರೆ ಮೊದಲು ಮಗು ಹೇಳಬೇಕು. ಮಗು ಹೇಳಬೇಕಾದರೆ, ಚಿಕ್ಕ ವಿಷಯಗಳಲ್ಲಿ ಅದರ ಮಾತನ್ನು ನಾವು ಕೇಳಿದ ಅನುಭವ ಅದಕ್ಕಿರಬೇಕು. ನಲ್ಲಿಯಲ್ಲಿ ನೀರಿಲ್ಲವೆಂದು ಹೇಳಿದಾಗ ಕೇಳದವರು, ಇದನ್ನು ಹೇಳಿದಾಗ ಕೇಳುತ್ತಾರೆಂದು ಅದು ಹೇಗೆ ನಂಬೀತು?

ಪವಿತ್ರ ಗ್ರಂಥದಲ್ಲಿ ಬಾಲಕ ಸಮುವೇಲನ ಕಥೆಯನ್ನು ಧರ್ಮೋಪದೇಶದಲ್ಲಿ ನಾವು ಪ್ರತಿವರ್ಷ ಹೇಳುತ್ತೇವೆ. ರಾತ್ರಿ ದೇವರು ಕರೆದರು, ಹುಡುಗ ಮೂರು ಸಲ ಏಲಿಯ ಬಳಿಗೆ ಓಡಿದ, ಕೊನೆಗೆ ದೇವರಿಗೆ ಓಗೊಟ್ಟ. ಕಥೆಯನ್ನು ನಾವು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಆದರೆ ಗ್ರಂಥ ಅಲ್ಲಿ ನಿಲ್ಲುವುದಿಲ್ಲ. ದೇವರು ಸಮುವೇಲನಿಗೆ ಹೇಳಿದ್ದಾದರೂ ಏನು? ಏಲಿಯ ಮನೆತನದ ಮೇಲೆ ಬರಲಿರುವ ನ್ಯಾಯತೀರ್ಪು. ಏಲಿಯ ಪುತ್ರರು ಯಾಜಕರಾಗಿದ್ದುಕೊಂಡೇ ಕಾಣಿಕೆಗಳನ್ನು ದೋಚಿದರು, ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಸ್ತ್ರೀಯರೊಡನೆ ಅನಾಚಾರ ನಡೆಸಿದರು. ತಂದೆ ತಿಳಿದೂ ತಡೆಯಲಿಲ್ಲ. ಈ ಸತ್ಯವನ್ನು ದೇವರು ಒಪ್ಪಿಸಿದ್ದು ಒಬ್ಬ ಬಾಲಕನಿಗೆ. ಬೆಳಗಾದಾಗ ಆ ಬಾಲಕ ಎಂದಿನಂತೆ ಬಾಗಿಲು ತೆರೆದ. ಏಲಿಗೆ ಹೇಳಲು ಮಾತ್ರ ಹೆದರಿದ. ಆಗ ಆ ವೃದ್ಧ ಯಾಜಕರೇ ಅವನನ್ನು ಕರೆದು, ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳುವಂತೆ ಒತ್ತಾಯಿಸಿದರು. ಹುಡುಗ ಹೇಳಿದ. ತನಗೇ ವಿರುದ್ಧವಾದ ಆ ಮಾತನ್ನು ಏಲಿ ತಲೆಬಾಗಿ ಸ್ವೀಕರಿಸಿದರು.

ತನ್ನ ಕರ್ತವ್ಯದಲ್ಲಿ ಬಹಳವಾಗಿ ಸೋತಿದ್ದ ಏಲಿಯೂ ಆ ಒಂದು ಬೆಳಿಗ್ಗೆ ನಮಗಿಂತ ದೊಡ್ಡವರಾದರು. ಅವರಿಗೆ ಎದುರುಮಾತಾಡಿದ್ದಕ್ಕಾಗಿ ಸಮುವೇಲನ ಹೆಸರು ಕಪ್ಪುಹಲಗೆಗೆ ಏರಲಿಲ್ಲ. ಇಸ್ರಯೇಲಿನ ಪ್ರವಾದಿಗಳ ಸಾಲಿಗೆ ಸೇರಿತು.

ಏನು ಮಾಡಬಹುದು?

ಪ್ರಿಯ ತಂದೆತಾಯಿಯರೇ, ಇದಕ್ಕೆ ದೊಡ್ಡ ಹಣವಾಗಲಿ ಹೊಸ ಕಟ್ಟಡವಾಗಲಿ ಬೇಡ. ಪ್ರತಿಯೊಂದು ತರಗತಿಯಲ್ಲೂ ತಿಂಗಳಿಗೊಮ್ಮೆ ಒಂದು ಪಿರಿಯಡ್ಡನ್ನು ಮಕ್ಕಳ ಮಾತಿಗೇ ಬಿಡಲಿ. ಶಿಕ್ಷಕರು ಬರೆದುಕೊಳ್ಳುವವರಾಗಿ ಕುಳಿತಿರಲಿ. ಸಲಹಾ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ಒಬ್ಬ ಶಿಕ್ಷಕಿ ಮತ್ತು ಒಬ್ಬ ಪೋಷಕರು ಒಟ್ಟಿಗೆ ತೆರೆಯಲಿ. ಮಕ್ಕಳ ಬೇಡಿಕೆಯನ್ನು ಈಡೇರಿಸಲಾಗದಿದ್ದರೆ ಏಕೆಂಬ ಕಾರಣವನ್ನು ಪ್ರಾರ್ಥನಾ ಸಭೆಯಲ್ಲೇ ಹೇಳಲಿ. ಕೇಳಿದ್ದೆಲ್ಲ ಸಿಗದು, ಮಕ್ಕಳು ಅದನ್ನು ಬಲ್ಲರು. ಉತ್ತರವೇ ಸಿಗದಿರುವುದು ಅವರನ್ನು ಕುಗ್ಗಿಸುತ್ತದೆ. ಶಾಲಾ ಸಂಸತ್ತಿನ ಕೈಗೆ ಒಂದಾದರೂ ನಿಜವಾದ ಹೊಣೆ ಕೊಡಲಿ: ಶೌಚಾಲಯದ ತಪಾಸಣೆಯೋ, ಆಟದ ವೇಳಾಪಟ್ಟಿಯೋ, ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಕೆಲಸವೋ. ಶುಲ್ಕದ ಹೆಸರುಗಳನ್ನು ಓದುವುದೂ ಅಂಕಗಳನ್ನು ಹರಾಜು ಕೂಗುವುದೂ ಇಂದೇ ನಿಲ್ಲಲಿ. ಸಂಕಟದಲ್ಲಿರುವ ಮಗು ಕರೆ ಮಾಡಬಹುದಾದ 1098 ಎಂಬ ಮಕ್ಕಳ ಸಹಾಯವಾಣಿ ಸಂಖ್ಯೆ ಪ್ರತಿಯೊಂದು ತರಗತಿಯ ಗೋಡೆಯ ಮೇಲಿರಲಿ.

ಮನೆಯಲ್ಲಿ ನಿಮ್ಮ ಪಾಲೂ ಇದೆ. ಪೋಷಕರ ಸಭೆಯಲ್ಲಿ ಮಗು ಪಕ್ಕದಲ್ಲೇ ನಿಂತಿದ್ದರೂ 'ಇವನು ಓದುವುದಿಲ್ಲ, ನೀವೇ ನಾಲ್ಕು ಬಾರಿಸಿ ಸಿಸ್ಟರ್' ಎನ್ನುವ ಅಭ್ಯಾಸವನ್ನು ಬಿಡಿ. ಆ ಕ್ಷಣ ನಿಮ್ಮ ಮಗು ತನ್ನ ಕೊನೆಯ ವಕೀಲರನ್ನು ಕಳೆದುಕೊಳ್ಳುತ್ತದೆ. ಸಂಜೆ 'ಎಷ್ಟು ಮಾರ್ಕ್ಸು?' ಎಂದು ಕೇಳುವ ಮುನ್ನ 'ಇಂದು ಏನನ್ನಿಸಿತು?' ಎಂದು ಕೇಳಿ, ಉತ್ತರ ಮುಗಿಯುವವರೆಗೆ ಟಿ.ವಿ.ಯನ್ನೂ ಮೊಬೈಲನ್ನೂ ಬದಿಗಿಡಿ. ಜಪಸರದ ನಂತರ ಹತ್ತು ನಿಮಿಷ ಮಕ್ಕಳ ಮಾತಿಗೆ ಮೀಸಲಿಟ್ಟರೆ ಮಾತೆ ಮರಿಯಮ್ಮನವರು ಖಂಡಿತ ಬೇಸರಪಡುವುದಿಲ್ಲ. ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲೂ ಪ್ರೌಢಶಾಲೆಯ ಇಬ್ಬರು ಮಕ್ಕಳಿಗೆ ಕುರ್ಚಿ ಹಾಕಿಸಿ. ನಮ್ಮ ಪ್ರಬೋಧನೆಗಳು ಎಷ್ಟು ಉದ್ದವೆಂದು ಅವರು ಹೇಳಿಯಾರು. ನಾವು ಕೇಳಿಸಿಕೊಳ್ಳಬೇಕಾದೀತು.

ಪ್ರಭು ಯೇಸು ಒಮ್ಮೆ ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಸಿಟ್ಟಾದರೆಂದು ಸಂತ ಮಾರ್ಕರು ಬರೆದಿದ್ದಾರೆ. ಮಕ್ಕಳನ್ನು ತಡೆದವರು ಹೊರಗಿನವರಲ್ಲ, ಅವರ ಆಪ್ತ ಶಿಷ್ಯರೇ. ಅದೂ ಗುರುವಿಗೆ ತೊಂದರೆಯಾಗದಿರಲೆಂಬ ಒಳ್ಳೆಯ ಉದ್ದೇಶದಿಂದಲೇ ಇರಬೇಕು. ಶಾಲೆ ನಡೆಸುವ ನಮ್ಮ ಉದ್ದೇಶಗಳೂ ಒಳ್ಳೆಯವೇ. ಆದರೆ ಪ್ರಭು ಅಂದು ಶಿಷ್ಯರ ಉದ್ದೇಶವನ್ನು ವಿಚಾರಿಸಲಿಲ್ಲ. ಮಕ್ಕಳಿಗೆ ದಾರಿ ಬಿಡಿ ಎಂದರು. ನಮ್ಮ ಶಾಲೆಗಳಿಗೆ ಪ್ರಭು ಇಂದು ಬಂದರೆ, ಸೂಜಿ ಬಿದ್ದರೂ ಕೇಳಿಸುವ ಆ ನಿಶ್ಶಬ್ದವನ್ನು ಕಂಡು ಮೆಚ್ಚುವರೋ, ಇಲ್ಲಿ ಮಕ್ಕಳು ಎಲ್ಲಿ ಎಂದು ಕೇಳುವರೋ? ಉತ್ತರವನ್ನು ನಿಮ್ಮ ಮನೆಯ ಮಗುವಿನಿಂದಲೇ ಕೇಳಿ ತಿಳಿಯಿರಿ.